ಚೌಕಾಸಿ ಮಾಡದೆ ಕೊಂಡ ಮಾತ್ರೆ

ಎರಡು ಸ್ಟ್ರಿಪ್‌ಗೆ ನೂರ ಇಪ್ಪತ್ತನಾಲ್ಕು ರೂಪಾಯಿ. ಬೆಂಗಳೂರಿನ ಉಲ್ಲಾಳದಲ್ಲಿ ಕಟ್ಟಿಸಿದ ನಮ್ಮ ಮನೆಯ ಗೃಹಪ್ರವೇಶಕ್ಕೆಂದು ಕೊಂಡದ್ದರಲ್ಲಿ ನಾನು ಚೌಕಾಸಿ ಮಾಡದೆ ಹಣ ಕೊಟ್ಟದ್ದು ಇದೊಂದಕ್ಕೇ. ಶಾಮಿಯಾನದವನನ್ನು ಮೂರು ಸಲ ಅಲೆದಾಡಿಸಿ ಕುರ್ಚಿಯ ಬಾಡಿಗೆ ಇಳಿಸಿದ್ದೆ. ಅಡುಗೆಯವರು ಹೋಳಿಗೆಗೆ ಹೇಳಿದ ರೇಟಿನಲ್ಲೇ ತುಪ್ಪವನ್ನೂ ಸೇರಿಸುವಂತೆ ಮಾಡಿದ್ದೆ. ಆದರೆ ಮೆಡಿಕಲ್ ಶಾಪಿನಲ್ಲಿ ಮಾತ್ರ, ದನಿ ತಗ್ಗಿಸಿ, “ಫಂಕ್ಷನ್ ಇದೆ, ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಕೊಡಿ” ಎಂದೆ. ಯಾರಿಗೆ, ಎಷ್ಟು ವಯಸ್ಸು ಎಂದು ಅವನು ಕೇಳಲಿಲ್ಲ. ಏನು, ಎಂಥದು ಎಂದು ನಾನೂ ಕೇಳಲಿಲ್ಲ. “ದಿನಕ್ಕೆ ಮೂರು” ಎಂದು ಅವನು, “ಆಯ್ತು” ಎಂದು ನಾನು. ಪಕ್ಕದಲ್ಲಿ ಇಬ್ಬರು ಗಂಡಸರು ನಿಂತಿದ್ದರು, ಬೇಗ ಮುಗಿದರೆ ಸಾಕಿತ್ತು. ಮಾತ್ರೆ ನನಗಲ್ಲ. ಒಂಬತ್ತನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿದ್ದ ನನ್ನ ಮಗಳಿಗೆ.

ನಾನು ಸೀರೆ ಮಾರುವವಳು. ಹಾವೇರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಗಂಡನಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ, ಚಂದ್ರಾ ಲೇಔಟಿನಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ಚಿಕ್ಕಪೇಟೆಯಿಂದ ಎಂಟು ಸೀರೆ ತಂದು, ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಮಾರಿದ್ದೇ ನನ್ನ ವ್ಯಾಪಾರದ ಶುರು. ಯಾವ ಸೀರೆಯನ್ನೂ ಮೂರು ಪ್ರಶ್ನೆ ಕೇಳದೆ ನಾನು ಮನೆಗೆ ತಂದವಳಲ್ಲ: ಬಣ್ಣ ಬಿಡುತ್ತದೆಯೇ, ನೂಲು ಯಾವುದು, ಕೆಟ್ಟರೆ ವಾಪಸ್ ತೆಗೆದುಕೊಳ್ಳುತ್ತೀಯಾ? ಈ ಮೂರು ಪ್ರಶ್ನೆಯಿಂದಲೇ ಸೈಟು ಬಂತು, ಮನೆ ಎದ್ದಿತು. ಅಂಥವಳು ಮಗಳ ಹೊಟ್ಟೆಗೆ ಹೋಗುವ ವಸ್ತುವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಯಾಕೆ ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮುಟ್ಟಿನ ಮಡಿ ಮೈಲಿಗೆ ನಮ್ಮ ಮನೆತನದಲ್ಲಿ ಇದ್ದದ್ದೇ ಅಲ್ಲ. ನಾವು ಲಿಂಗ ಕಟ್ಟುವವರು. ಊರಿನಲ್ಲಿ ನಮ್ಮತ್ತೆ ತಿಂಗಳ ಯಾವ ದಿನವಾದರೂ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿಯೇ ರೊಟ್ಟಿ ಬಡಿಯಲು ಕೂರುತ್ತಿದ್ದರು. ಚಂದ್ರಾ ಲೇಔಟಿಗೆ ಬಂದ ಮೇಲೆ ನಾನು ನೋಡಿದ್ದು ಬೇರೆ. ಕೆಳಗಿನ ಓನರ್ ಆಂಟಿಯ ಮನೆಯಲ್ಲಿ ಮೂರು ದಿನ ಹೊರಗೆ ಕೂರುತ್ತಿದ್ದರು. ಶುಕ್ರವಾರ ಸೀರೆ ನೋಡಲು ಬರುವವರು ಬಾಗಿಲಲ್ಲೇ ನಿಂತು, “ಮನೇಲಿ ಯಾರೂ ಹೊರಗಿಲ್ಲ ತಾನೇ?” ಎಂದು ಕೇಳಿ ಒಳಗೆ ಬರುತ್ತಿದ್ದರು. ಇಲ್ಲ ಎನ್ನಲು ಕಲಿತೆ. ಆಮೇಲೆ ಅದನ್ನು ನಿಜ ಮಾಡಲೂ ಕಲಿತೆ. ನನ್ನ ದಿನಗಳಲ್ಲಿ ಹಾಲಿಗೆ ಬಾರದೆ, ಊರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಯ ಕೈಲಿ ಸೀರೆ ತೋರಿಸಿದೆ. ಮಗಳು ದೊಡ್ಡವಳಾದ ಮೇಲೆ ಅವಳನ್ನೂ ಆ ದಿನಗಳಲ್ಲಿ ರೂಮಿನಲ್ಲಿ ಕೂರಿಸಿದೆ. ದೊಡ್ಡ ಮನೆಯವರ ರೀತಿ ಬಂದರೆ ದೊಡ್ಡ ಮನೆಯವರ ವ್ಯಾಪಾರವೂ ಬರುತ್ತದೆ ಎಂದುಕೊಂಡಿದ್ದೆ.

ಅತ್ತೆ ಸುಮ್ಮನಿರಲಿಲ್ಲ.

“ಇದೇನ ಹೊಸಾ ಆಚಾರ ತಂದಿ? ಲಿಂಗ ಕಟ್ಕೊಂಡವ್ರಿಗೆ ಸೂತಕ ಎಲ್ಲೀದು?”

“ಇದು ಬೆಂಗಳೂರು, ಅತ್ತಿ. ನಾಕು ಮಂದಿ ಬರೋ ಮನಿ.”

“ನಾಕು ಮಂದಿ ಬರೂದು ಸೀರಿ ನೋಡಾಕ. ನಿನ್ನ ಮಗಳ ತಾರೀಖು ನೋಡಾಕ ಅಲ್ಲ.”

ಗೃಹಪ್ರವೇಶಕ್ಕೆ ಜಂಗಮ ಅಯ್ಯನವರನ್ನು ಕರೆಸಿ ಪಾದಪೂಜೆ ಮಾಡಿದರೆ ಸಾಕೆಂದು ಅತ್ತೆಯ ವಾದ. ನನಗೆ ಹೋಮ ಆಗಬೇಕು, ಸತ್ಯನಾರಾಯಣ ಪೂಜೆ ಆಗಬೇಕು, ಚಂದ್ರಾ ಲೇಔಟಿನ ಗಿರಾಕಿಗಳೆಲ್ಲ ಬಂದು ನೋಡಬೇಕು. ಮುಹೂರ್ತ ಗೊತ್ತಾದ ಮೇಲೆ ಕ್ಯಾಲೆಂಡರ್ ನೋಡಿದರೆ ಮಗಳ ದಿನವೂ ಅದೇ ಹೊತ್ತಿಗೆ. ಕಳಸ ಹಿಡಿದು ಮೊದಲು ಹೊಸ್ತಿಲು ದಾಟಬೇಕಾದವಳು ಅವಳೇ. ನನ್ನ ಪೆಚ್ಚು ಮುಖ ನೋಡಿ ಹಳೆಯ ಗಿರಾಕಿಯೊಬ್ಬಳು ನಕ್ಕಳು. “ಅಯ್ಯೋ ಅಕ್ಕಾ, ಇಷ್ಟಕ್ಕೆಲ್ಲ ಟೆನ್ಷನ್ನಾ? ಮಾತ್ರೆ ಇದೆಯಲ್ಲಾ! ನಮ್ಮನೇಲಿ ಪ್ರತಿ ಫಂಕ್ಷನ್‌ಗೂ ಅದೇ.”

ಮಾತ್ರೆ ಕೆಲಸ ಮಾಡಿತು. ಮಗಳು ಹಸಿರು ರೇಷ್ಮೆ ಲಂಗದಲ್ಲಿ ಕಳಸ ಹಿಡಿದು ಒಳಗೆ ಬಂದಳು. ನನಗೆ ಹೆಮ್ಮೆಯೋ ಹೆಮ್ಮೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದು ಸಲ ಕೊಟ್ಟೆ. ಸೀರೆ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ನನ್ನ ಅಕ್ಕನ ಮಗನ ನಿಶ್ಚಿತಾರ್ಥಕ್ಕೆ ಮೂರನೇ ಸಲ. “ಅಮ್ಮಾ, ಹೊಟ್ಟೆ ಉಬ್ಬರಿಸ್ತಿದೆ, ವಾಂತಿ ಬರೋ ಥರ ಆಗ್ತಿದೆ” ಎಂದಳು ಆ ಸಲ. “ಎರಡು ದಿನ ತಡ್ಕೋ, ಸರಿಹೋಗುತ್ತೆ” ಎಂದೆ.

ಡಿಸೆಂಬರಿನ ಒಂದು ಭಾನುವಾರ ಚಂದ್ರಾ ಲೇಔಟಿನಲ್ಲಿ ಎರಡು ಮನೆಗೆ ಸೀರೆ ಮುಟ್ಟಿಸಿ, ಚಿಕ್ಕಪೇಟೆಗೆ ಹೋಗಲೆಂದು ಅಮ್ಮ ಮಗಳು ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಗೆ ಬಂದೆವು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಕಂಬಿ ಹಿಡಿದು ಕೂತುಬಿಟ್ಟಳು. ಯಾವಾಗಲೂ ನನಗಿಂತ ಮೊದಲು ಮೇಲೆ ಹೋಗಿ “ಬೇಗ ಬಾರಮ್ಮ” ಎಂದು ಕೂಗುವ ಹುಡುಗಿ. ತುಟಿ ಬಿಳಿಚಿಕೊಂಡಿತ್ತು.

“ತಿಂಡಿ ತಿಂದಿಲ್ವಾ?”

“ತಿಂದೆ.”

“ಮತ್ತೆ ಏನೇ?”

ಅವಳು ನನ್ನ ಕಡೆ ನೋಡದೆ ಹೇಳಿದಳು. “ಹದಿನೆಂಟು ದಿನ ಆಯ್ತು ಅಮ್ಮಾ. ನಿಲ್ತಾನೇ ಇಲ್ಲ.”

ಅದೇ ಮೆಟ್ಟಿಲ ಮೇಲೆ, ಜನ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದಂತೆ, ವಿಷಯ ಹೊರಗೆ ಬಂತು. ಹತ್ತನೇ ಕ್ಲಾಸಿನವರನ್ನು ಸ್ಕೂಲಿನಿಂದ ಮೈಸೂರಿಗೆ ಎರಡು ದಿನದ ಟ್ರಿಪ್ ಕರೆದುಕೊಂಡು ಹೋಗಿದ್ದರು. ಬಸ್ಸಿನಲ್ಲಿ ಡೇಟ್ ಬಂದರೆ ಏನು ಮಾಡುವುದೆಂದು ಅವಳಿಗೂ ಇಬ್ಬರು ಸ್ನೇಹಿತೆಯರಿಗೂ ಚಿಂತೆ. ನನ್ನ ಮಗಳಿಗೆ ಉಪಾಯ ಗೊತ್ತಿತ್ತು. ಅದೇ ಮೆಡಿಕಲ್ ಶಾಪಿಗೆ ಹೋಗಿ “ಅಮ್ಮ ಹೇಳಿದ್ರು” ಎಂದು ಒಂದು ಸ್ಟ್ರಿಪ್ ತಂದಳು. ಮೂರೂ ಜನ ದುಡ್ಡು ಹಾಕಿದ್ದರು. ಹತ್ತು ಮಾತ್ರೆಯಲ್ಲಿ ಅವರಿಬ್ಬರಿಗೆ ಮೂರು ಮೂರು, ತನಗೆ ನಾಲ್ಕು. ಅಂಗಡಿಗೆ ಹೋಗಿ ತಂದವಳಿಗೆ ಒಂದು ಹೆಚ್ಚು. ಆ ಲೆಕ್ಕ ಯಾರಿಂದ ಕಲಿತಳೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ದಿನಕ್ಕೆ ಒಂದರಂತೆ ನುಂಗಿದ್ದರು. ಟ್ರಿಪ್ಪಿನ ಎರಡನೇ ದಿನ ಇವಳಿಗೆ ಶುರುವಾದದ್ದು ನಿಲ್ಲಲೇ ಇಲ್ಲ.

“ಹದಿನೆಂಟು ದಿನ ಬಾಯಿ ಮುಚ್ಕೊಂಡು ಕೂತಿದ್ದೀಯಲ್ಲೇ, ನನ್ ಹತ್ರ ಹೇಳೋಕೇನಾಗಿತ್ತು?”

“ಹೇಳಿದ್ರೆ ನೀನು ಇನ್ನೊಂದು ಮಾತ್ರೆ ತಂದ್ಕೊಡ್ತಿದ್ದೆ. ಅಷ್ಟೇ ತಾನೇ?”

ಚಿಕ್ಕಪೇಟೆಯನ್ನು ಬಿಟ್ಟು ಆಟೋ ಹಿಡಿದೆ.

ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಅವತ್ತು ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರ್ ನನಗಿಂತ ಚಿಕ್ಕವರು. ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. “ನೀವಿರಿ. ಅವಳೇ ಹೇಳಲಿ.” ನಂತರ ನನ್ನನ್ನು ಐದು ನಿಮಿಷ ಹೊರಗೆ ಕೂರಿಸಿ ಅವಳನ್ನು ಒಬ್ಬಳನ್ನೇ ಮಾತಾಡಿಸಿದರು. ಆ ಐದು ನಿಮಿಷ ನಾನು ಗೋಡೆಯ ಮೇಲಿನ ಗರ್ಭಕೋಶದ ಚಿತ್ರ ನೋಡುತ್ತಾ ಕೂತಿದ್ದೆ. ಇಬ್ಬರು ಮಕ್ಕಳನ್ನು ಹೆತ್ತವಳು ನಾನು. ಆ ಚಿತ್ರದಲ್ಲಿ ಯಾವುದು ಏನೆಂದು ಗೊತ್ತಿರಲಿಲ್ಲ.

ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಇನ್ನು ತಡಮಾಡಿದ್ದರೆ ರಕ್ತ ಕೊಡಬೇಕಾಗುತ್ತಿತ್ತೆಂದು ಹೇಳಿ, ಡಾಕ್ಟರು ಒಂದು ಹಾಳೆಯ ಮೇಲೆ ಗೋಡೆಯ ಆ ಚಿತ್ರವನ್ನೇ ಬರೆದು ತೋರಿಸಿದರು. ಗರ್ಭಕೋಶದ ಒಳಗೆ ಪ್ರತಿ ತಿಂಗಳು ಒಂದು ಪದರ ಬೆಳೆಯುತ್ತದೆ. ಈ ಮಾತ್ರೆ ಅದನ್ನು ಉದುರದಂತೆ ಹಿಡಿದಿಡುತ್ತದೆ. ಅರ್ಧಂಬರ್ಧ ಪ್ರಮಾಣದಲ್ಲಿ ತಿಂದು ಬಿಟ್ಟರೆ ಪದರ ಒಂದೇ ಸಲ ಹೋಗದೆ ಚೂರುಚೂರಾಗಿ, ದಿನಗಟ್ಟಲೆ ಹೋಗಬಹುದು. “ಅದೂ ಅಲ್ದೆ ಈ ವಯಸ್ಸಲ್ಲಿ ಇನ್ನೂ ಸರಿಯಾಗಿ ತಿಂಗಳಿಗೊಂದು ಸಲ ಬರೋದಿಲ್ಲ. ಬರದೇ ಇರೋ ಡೇಟನ್ನ ಮುಂದಕ್ಕೆ ಹಾಕೋಕೆ ಎಷ್ಟು ಸಲ ಕೊಟ್ಟಿದ್ದೀರೋ!” ಎಂದರು. ನಿಲ್ಲಿಸಲು ಅದೇ ಜಾತಿಯ ಮಾತ್ರೆ ಬರೆದುಕೊಟ್ಟಾಗ ಮಗಳು ತಟ್ಟನೆ ನನ್ನ ಕಡೆ ನೋಡಿದಳು.

“ಮತ್ತೆ ಅದೇನಾ, ಮೇಡಂ?”

“ಹೌದು ಕಣೇ. ಮಾತ್ರೆ ಕೆಟ್ಟದ್ದಲ್ಲ. ನಿನ್ನ ನೋಡಿ, ಯಾಕೆ, ಎಷ್ಟು, ಎಷ್ಟು ದಿನ ಅಂತ ತಿಳ್ಕೊಂಡು ನಾನು ಕೊಡ್ತಿದ್ದೀನಿ. ಯಾವತ್ತು ನಿಲ್ಲಿಸಬೇಕು ಅಂತಾನೂ ಬರೆದಿದ್ದೀನಿ, ನೋಡು.” ಚೀಟಿಯನ್ನು ನನ್ನ ಕೈಗೆ ಕೊಡದೆ ಅವಳ ಕೈಗೇ ಕೊಟ್ಟರು. “ಸ್ಕೂಲಲ್ಲಿ ಇದೆಲ್ಲ ಹೇಳಿಕೊಡೋದಿಲ್ವಾ?”

“ಆ ಪಾಠ ಇದೆ, ಮೇಡಂ. ಸರ್ ಮನೇಲೇ ಓದ್ಕೊಳ್ಳಿ ಅಂದ್ರು.”

ಮನೆಯಲ್ಲಿ ನಾನಿದ್ದೆ, ಮೆಡಿಕಲ್ ಶಾಪಿನ ದಾರಿ ತೋರಿಸಲು!

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು: ಜೊತೆಯಲ್ಲಿ ಮಾತ್ರೆ ತಿಂದ ಇಬ್ಬರ ಮನೆಗೂ ತಿಳಿಸಬೇಕು. ಆ ಇಬ್ಬರ ತಾಯಂದಿರೂ ನನ್ನ ಗಿರಾಕಿಗಳು. ನಿಮ್ಮ ಮಗಳಿಗೆ ನನ್ನ ಮಗಳು ಮಾತ್ರೆ ಹಂಚಿದಳು ಎಂದು ಯಾವ ಬಾಯಲ್ಲಿ ಹೇಳಲಿ? ಆಟೋದಲ್ಲಿ ಮಗಳೂ ಅಳತೊಡಗಿದಳು. “ಹೇಳ್ಬೇಡಮ್ಮ, ಅವ್ರು ನನ್ ಜೊತೆ ಮಾತಾಡಲ್ಲ.”

ಸುಲಭದ ದಾರಿ ಹುಡುಕುವುದು ನನ್ನ ಅಭ್ಯಾಸ. ಮಾರನೇ ದಿನ ಸ್ಕೂಲಿಗೆ ಹೋಗಿ ಹೆಡ್‌ಮಿಸ್ ಮುಂದೆ ಎಲ್ಲ ಹೇಳಿ, ನೀವೇ ಆ ಇಬ್ಬರನ್ನು ಕರೆಸಿ ತಿಳಿಸಿಬಿಡಿ ಎಂದೆ. ಅವರು ಬೀರುವಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು ತೆಗೆದರು. ಮಕ್ಕಳಿಗೆ ದೇಹ, ಮುಟ್ಟು, ಆರೋಗ್ಯ ಕುರಿತು ಡಾಕ್ಟರಿಂದ ಕ್ಲಾಸು ಮಾಡಿಸಲು ಹಿಂದಿನ ವರ್ಷ ಪೋಷಕರ ಒಪ್ಪಿಗೆ ಕೇಳಿದ್ದರಂತೆ. ಸಹಿಯಾಗಿ ಬಂದದ್ದು ಬೆರಳೆಣಿಕೆ. ಉಳಿದವರು ‘ಬೇಡ’ ಎಂದು ಬರೆದಿದ್ದರು. ಕಟ್ಟಿನಲ್ಲಿ ಒಂದು ‘ಬೇಡ’ ನನ್ನದೇ ಅಕ್ಷರ. ವ್ಯಾಪಾರದ ಗಡಿಬಿಡಿಯಲ್ಲಿ ಓದದೆ ಬರೆದಿದ್ದೆನೇ, ಓದಿಯೇ ಬರೆದಿದ್ದೆನೇ, ನೆನಪಿಲ್ಲ. ಓದಿಯೇ ಇರಬೇಕು.

“ಆ ಇಬ್ಬರಿಗೆ ನೀವೇ ಹೇಳ್ಬೇಕಮ್ಮ, ಅದನ್ನ ನನ್ ಮೇಲೆ ಹಾಕ್ಬೇಡಿ,” ಎಂದರು ಹೆಡ್‌ಮಿಸ್. “ಈ ಚೀಟಿಗಳದ್ದು ಏನಾದ್ರೂ ನಿಮ್ ಕೈಲಾಗುತ್ತಾ, ನೋಡಿ. ನಮ್ ಸ್ಕೂಲ್ ಅಮ್ಮಂದಿರಲ್ಲಿ ಅರ್ಧ ಜನ ನಿಮ್ ಹತ್ರಾನೇ ಸೀರೆ ತಗೊಳ್ಳೋರಲ್ವಾ?”

ಅವತ್ತೇ ಸಂಜೆ ಎರಡೂ ಮನೆಗೆ ಹೋದೆ. ಸೀರೆ ಚೀಲವಿಲ್ಲದೆ ಆ ಬಾಗಿಲುಗಳಲ್ಲಿ ನಾನು ನಿಂತದ್ದು ಅದೇ ಮೊದಲು. ಮೊದಲನೆಯ ಮನೆಯಾಕೆ ಬಾಗಿಲಲ್ಲೇ, “ನಿಮ್ ಮಗಳಿಂದ ನನ್ ಮಗಳು ಹಾಳಾದ್ಲು” ಎಂದು ಕೂಗಾಡಿದಳು. ಹುಡುಗಿಗೆ ಏನೂ ಆಗಿರಲಿಲ್ಲ, ದೇವರ ದಯೆ. ಆದರೂ ಆಕೆ ಇವತ್ತಿಗೂ ಸೀರೆ ನೋಡಲು ನನ್ನ ಮನೆಗೆ ಬಂದಿಲ್ಲ. ಎರಡನೆಯ ಮನೆಯಾಕೆ ಒಳಗೆ ಹೋಗಿ ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿಗೂ ಹತ್ತು ದಿನ ರಕ್ತ ಹೋಗಿ ನಿಂತಿತ್ತಂತೆ, ತಾಯಿಗೆ ಗೊತ್ತಿರಲಿಲ್ಲ. “ಯಾವ ಡಾಕ್ಟರ್ ಹತ್ರ ಹೋದ್ರಿ, ಅಕ್ಕಾ?” ಎಂದು ಕೇಳಿದಳು, ಅಷ್ಟೇ. ನಾನು ಚೀಟಿ ಬರೆದುಕೊಟ್ಟೆ.

ಇನ್ನು ಉಳಿದದ್ದು ನನಗೆ ಬರುವ ಕೆಲಸ. ಸಂಕ್ರಾಂತಿಯ ಹೊಸ ಸ್ಟಾಕ್ ಬಂದಿತ್ತು. ಸೀರೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳ ಕೆಳಗೆ ಹಾಕಿದೆ: ಸ್ಕೂಲಿನ ಆರೋಗ್ಯ ಕ್ಲಾಸಿನ ಒಪ್ಪಿಗೆ ಚೀಟಿಗೆ ಸಹಿ ಮಾಡಿ ತಂದವರಿಗೆ ಒಂದು ಸೀರೆಗೆ ಫಾಲ್ ಹೊಲಿಗೆ ಫ್ರೀ. ಆ ವಾರ ನನ್ನ ಹಾಲಿನಲ್ಲಿ ನಡೆದ ಮಾತುಗಳನ್ನು ಬರೆದರೆ ಒಂದು ಪುಸ್ತಕವಾದೀತು.

“ಫಾಲ್ ಯಾರಿಗೆ ಬೇಕು, ಕುಚ್ಚು ಹಾಕಿಸ್ಕೊಡಿ, ಸಹಿ ಮಾಡ್ತೀನಿ,” ಎಂದಳೊಬ್ಬಳು.

“ಕುಚ್ಚು ಬೇಕಂದ್ರೆ ಕ್ಲಾಸಿಗೆ ನೀನೂ ಬಂದು ಕೂತ್ಕೋಬೇಕು.”

“ನನಗ್ಯಾಕ್ರೀ? ಎರಡು ಹೆತ್ತಾಯ್ತು!”

“ನಾನೂ ಎರಡು ಹೆತ್ತವಳೇ. ಗರ್ಭಕೋಶ ಎಲ್ಲಿದೆ ತೋರ್ಸು ನೋಡೋಣ.”

ಆಕೆ ಹೊಟ್ಟೆಯ ಮೇಲೆ ಕೈಯಿಟ್ಟು, ಆಮೇಲೆ ಸ್ವಲ್ಪ ಕೆಳಗೆ ಸರಿಸಿ, ನಕ್ಕುಬಿಟ್ಟಳು. ಇನ್ನೊಬ್ಬಳಿಗೆ ಇದೆಲ್ಲ ಕಲಿತರೆ ಮಕ್ಕಳು ಕೆಡುತ್ತಾರೆಂಬ ಭಯ. ಅವಳಿಗೆ ನಾನು ಮಾತಿನ ಚಮತ್ಕಾರ ಮಾಡಲಿಲ್ಲ, ಮೆಟ್ರೋ ಮೆಟ್ಟಿಲಿನ ವಿಷಯ ಹೇಳಿದೆ. ಅದನ್ನು ಹೇಳಬಹುದೇ ಎಂದು ಮಗಳನ್ನು ಮೊದಲೇ ಕೇಳಿದ್ದೆ. “ಹೇಳು. ನನ್ ಹೆಸರು ಹೇಳ್ಬೇಡ” ಎಂದಿದ್ದಳು, ನಾನು ಯಾರ ತಾಯಿ ಎಂದು ಎಲ್ಲರಿಗೂ ಗೊತ್ತಿದ್ದರೂ! ಗಂಡು ಮಗುವಿನ ತಾಯಿಯೊಬ್ಬಳು, “ನನ್ ಮಗನಿಗೆ ಯಾಕೆ ಇದು? ಅವ್ನು ಗ್ರೌಂಡಲ್ಲಿ ಆಡ್ಕೊಂಡಿರ್ಲಿ” ಎಂದಳು. “ಮಾತ್ರೆ ಯಾರಿಗೆ ಅಂತ ಕೇಳದೆ ಕೊಟ್ಟವನೂ ಒಬ್ಬ ತಾಯಿಯ ಮಗನೇ ಕಣಮ್ಮ” ಎಂದೆ. ಸ್ವಲ್ಪ ಹೊತ್ತು ಸೀರೆಯ ಅಂಚು ತಿರುವಿ ನೋಡಿದಳು. ಸಹಿ ಹಾಕಿದಳು. ಸೀರೆಯನ್ನು ಮಾತ್ರ ಕೊಳ್ಳಲಿಲ್ಲ.

ಎಲ್ಲರೂ ಒಪ್ಪಲಿಲ್ಲ. ಎಂಟು ಹತ್ತು ಚೀಟಿ ಕೊನೆಗೂ ‘ಬೇಡ’ ಎಂದೇ ಬಂದವು. ಉಳಿದ ಮಕ್ಕಳಿಗೆ ಜನವರಿಯಲ್ಲಿ ಕ್ಲಾಸು ನಡೆಯಿತು, ಹುಡುಗರು ಹುಡುಗಿಯರು ಒಂದೇ ಹಾಲಿನಲ್ಲಿ. ಪ್ರಶ್ನೆಗಳನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿದ್ದರು. ಕುಚ್ಚಿನಾಸೆಗೆ ಬಂದವಳ ಪಕ್ಕದಲ್ಲಿ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕ್ಲಾಸಿಗೆ ಬಂದಿದ್ದ ಡಾಕ್ಟರು ಒಂದು ಚೀಟಿ ತೆಗೆದು ಓದಿದರು: ‘ಡೇಟ್ ಮುಂದಕ್ಕೆ ಹಾಕೋ ಮಾತ್ರೆ ತಪ್ಪಾಗಿ ತಿಂದವರಿಗೆ ಮುಂದೆ ಮಕ್ಕಳಾಗಲ್ವಾ?’ ಅಕ್ಷರ ನನಗೆ ಗೊತ್ತಿತ್ತು. ನನ್ನ ಮಗಳು ಒಂದು ತಿಂಗಳಿನಿಂದ ಇದೊಂದನ್ನು ಎದೆಯಲ್ಲಿಟ್ಟುಕೊಂಡು ನನ್ನ ಜೊತೆ ಊಟ ಮಾಡಿದ್ದಳು, ಕಬ್ಬಿಣದ ಮಾತ್ರೆ ನುಂಗಿದ್ದಳು, ಸೀರೆ ಮಡಿಸಿದ್ದಳು. ಡಾಕ್ಟರು, “ಆಗ್ತಾರೆ. ಈ ಮಾತ್ರೆಯಿಂದ ಅದಕ್ಕೆ ತೊಂದರೆ ಇಲ್ಲ. ರಕ್ತ ಕಮ್ಮಿಯಾಗಿದ್ರೆ ಅದನ್ನ ಸರಿಮಾಡ್ಕೋಬೇಕು” ಎಂದರು. ಮುಂದೆ ಕೂತಿದ್ದ ಅವಳ ಬೆನ್ನು ಸಡಿಲವಾದದ್ದು ನನಗೆ ಹಿಂದಿನಿಂದ ಕಾಣಿಸಿತು.

ಶಿವರಾತ್ರಿಯ ಬೆಳಗ್ಗೆ ಹಾಲಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಮಗಳು ರೂಮಿನಿಂದ ಬಂದು, ದನಿ ತಗ್ಗಿಸದೆ, “ಅಮ್ಮಾ, ಡೇಟ್ ಬಂತು. ಈ ಸಲ ಮೂವತ್ಮೂರು ದಿನಕ್ಕೆ” ಎಂದು ಹೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿದಳು. ಗಿರಾಕಿಯೊಬ್ಬಳು ನನ್ನ ಮುಖ ನೋಡಿದಳು. ಸೀರೆ ಬಿಚ್ಚುತ್ತಿದ್ದ ನನ್ನ ಕೈ ಒಂದು ಕ್ಷಣ ನಿಂತಿತು.

ಒಳಗಿನಿಂದ ಅತ್ತೆ ಕೂಗಿದರು. “ಬಂದ್ರ ಬರ್ಲಿ ಬಿಡು. ಬಾ ಇಲ್ಲಿ, ಬಿಲ್ವಪತ್ರಿ ತೊಳದು ಕೊಡು. ಪೂಜಿಗೆ ಹೊತ್ತಾತು.”

ಅವಳು ಒಳಗೆ ಹೋದಳು. ನಾನು ಸೆರಗು ಬಿಡಿಸಿ ತೋರಿಸಿದೆ.

ಈಗ ನಿಮಗೆ ಹೇಳುವುದು, ಸೀರೆ ಮಾರುವವಳ ಮಾತೆಂದೇ ಕೇಳಿ. ಹಬ್ಬ, ಟ್ರಿಪ್ಪು, ಮದುವೆ ಯಾವುದೇ ಇರಲಿ, ಮಗಳಿಗೆ ಡೇಟ್ ಮುಂದಕ್ಕೆ ಹಾಕುವ ಮಾತ್ರೆಯನ್ನು ಕೌಂಟರಿನಲ್ಲಿ ಕೇಳಿ ತರಬೇಡಿ. ಬೇಕೇ ಬೇಕೆಂದರೆ ಅವಳನ್ನೇ ಡಾಕ್ಟರ ಮುಂದೆ ಕೂರಿಸಿ. ಅವಳ ವಯಸ್ಸಿಗೆ ಇದು ಸರಿಯೇ, ಎಷ್ಟು ದಿನ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿಸಿ. ಅದಕ್ಕೂ ಮೊದಲು, ಅದು ನಿಜವಾಗಿ ಯಾರಿಗೆ ಬೇಕಾಗಿದೆ ಎಂದು ನಿಮ್ಮನ್ನೇ ಒಂದು ಸಲ ಕೇಳಿಕೊಳ್ಳಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಅವಳಿಗೇ ಬಿಡಿ. ಒಂದು ವಾರ ದಾಟಿಯೂ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಮೆಟ್ಟಿಲು ಹತ್ತಲು ಸುಸ್ತಾದರೆ ಡಾಕ್ಟರ ಹತ್ತಿರ ಹೊರಡಿ, ಬೈಗುಳ ಆಮೇಲೆ ಇರಲಿ. ಸ್ಕೂಲಿನಿಂದ ಒಪ್ಪಿಗೆ ಚೀಟಿ ಬಂದರೆ, ಮಗನದ್ದಾಗಲಿ ಮಗಳದ್ದಾಗಲಿ, ಓದಿ ಸಹಿ ಮಾಡಿ. ಸೀರೆ ಕೊಳ್ಳುವಾಗ ಅಂಚು ಸೆರಗು ತಿರುವಿ ಹತ್ತು ಪ್ರಶ್ನೆ ಕೇಳುತ್ತೀರಿ, ನಾನೂ ಬೇಸರವಿಲ್ಲದೆ ಉತ್ತರ ಕೊಡುತ್ತೇನೆ. ಮೆಡಿಕಲ್ ಶಾಪಿನಲ್ಲೂ ಹಾಗೆಯೇ ದನಿಯೆತ್ತಿ ಕೇಳಿ. ಪಕ್ಕದಲ್ಲಿ ಗಂಡಸರು ನಿಂತಿದ್ದರೆ ನಿಂತಿರಲಿ, ಅವರೂ ಕೇಳಿಸಿಕೊಳ್ಳಲಿ.